ನಂದಲ್ಲ ಅಂದ್ರ ನಂದಲ್ಲ

ರಾಣೆಬೆನ್ನೂರು
೧೨ ಫೆಬ್ರುವರಿ ೨೦೦೬

ತಮ್ಮ ಶಂಭುಲಿಂಗನಿಗೆ ಅಕ್ಕನ ಆಶೀರ್ವಾದ.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆದರೆ ಸುಳ್ಳಾಗುತ್ತದೆ. ಕಳೆದ ಸೋಮವಾರ ಅಪ್ಪ ಮನೆಯಿಂದ ತಪ್ಪಿಸಿಕೊಂಡಿದ್ದ. ಗಾಬರಿಯಾಗಬೇಡ, ಸಿಕ್ಕಿದ್ದಾನೆ.

ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತೀ. ನಮ್ಮ ಮನೆಯ ಫೋನ್ ಈಗ ನಮ್ಮದಾಗಿ ಉಳಿದಿಲ್ಲ. ಯಾರು ಕೈಗೆತ್ತಿಕೊಂಡರೂ ಮುಂಬೈ ಪಾರ್ಟಿ ಮಾತಾಡುತ್ತಿದೆ ಎಂದು ಅಪ್ಪ ಕಸಿದುಕೊಂಡು, ಕಡ್ಡಿ ಮೆಣಸಿನಕಾಯಿಗೆ ಇಷ್ಟು, ಡಬ್ಬಿ ಮೆಣಸಿನಕಾಯಿಗೆ ಇಷ್ಟು ಎಂದು ದರ ಹೇಳತೊಡಗುತ್ತಾನೆ. ಹೋದ ತಿಂಗಳು ನಮ್ಮ ಮನೆಯವರ ಬಟ್ಟೆ ಅಂಗಡಿಯ ಗಿರಾಕಿಯೊಬ್ಬರಿಗೆ ಫೋನಿನಲ್ಲೇ ನಲವತ್ತು ಚೀಲ ಮಾರಿಬಿಟ್ಟ. ಅವನ ದಲಾಲಿ ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಯಿತು, ಮಾಲು ಎಲ್ಲಿಂದ ಕೊಡುತ್ತಾನೋ ಶಿವನೇ ಬಲ್ಲ. ಅದಕ್ಕೇ ಇನ್ನು ಮುಂದೆ ನಮ್ಮಿಬ್ಬರ ಮಾತೆಲ್ಲ ಪತ್ರದಲ್ಲೇ ಆಗಲಿ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನಾನು ಪಲ್ಯಕ್ಕೆ ಒಗ್ಗರಣೆ ಕೊಟ್ಟು ಬರುವಷ್ಟರಲ್ಲಿ ಕಟ್ಟೆ ಖಾಲಿ. ಮರೆವಿನ ರೋಗ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು, ಅವ್ವ ಸತ್ತದ್ದನ್ನೂ ಮರೆತಿದ್ದಾನೆ. ಆದರೆ ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟು ಎಂಬುದನ್ನು ಆ ರೋಗ ಇನ್ನೂ ಮುಟ್ಟಿಲ್ಲ. ಸೀದಾ ಹೋಗಿ ಬ್ಯಾಡಗಿ ಬಸ್ಸು ಹತ್ತಿದ್ದಾನೆ. ಕಂಡಕ್ಟರ್ ಟಿಕೆಟ್ ಕೇಳಿದ್ದಕ್ಕೆ ಅವನ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು ಬೆರಳು ಒತ್ತಿದನಂತೆ. ಹಿಂದೆ ದಲಾಲರು ದರ ಮಾತಾಡುತ್ತಿದ್ದುದು ಹಾಗೆಯೇ ಅಲ್ಲವೇ, ಪಕ್ಕದವನಿಗೆ ಗೊತ್ತಾಗಬಾರದೆಂದು ಟವೆಲಿನ ಮರೆಯಲ್ಲಿ, ಬಾಯಿ ಬಿಡದೆ, ಬೆರಳಲ್ಲೇ. ಆ ಬೆರಳಿನ ಭಾಷೆಯನ್ನು ಅಪ್ಪ ನಮಗೆ ಕಲಿಸಲಿಲ್ಲ. ಕಂಡಕ್ಟರನಿಗೂ ಯಾರೂ ಕಲಿಸಿರಲಿಲ್ಲ. ಪಾಪ ಮುದುಕ ಎಂದು ಪುಕ್ಕಟೆ ಕರೆದುಕೊಂಡು ಹೋಗಿ ಇಳಿಸಿದ್ದಾನೆ.

ಅವತ್ತು ಸೋಮವಾರ ಎಂದು ಹೊಳೆದು ನಾನು ಅದರ ಹಿಂದಿನ ಬಸ್ಸಿಗೆ ಓಡಿದೆ. ನೋಡಿದರೆ ನಬಿಸಾಬ ಕಾಕಾನ ಮನೆಯಲ್ಲಿದ್ದಾನೆ. ಅಪ್ಪನ ಅಂಗಡಿಯಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದ ಕಾಕಾ ಈಗಲೂ ಅವನನ್ನು ಸಾವ್ಕಾರ್ರ ಎಂದೇ ಕರೆಯುತ್ತಾನೆ. ಇಬ್ಬರೂ ಮಂಡಕ್ಕಿ ಮಿರ್ಚಿ ಹೊಡೆದು, ತಮ್ಮ ತಮ್ಮ ಹಲ್ಲಿನ ಸೆಟ್ಟು ತೆಗೆದು ಒಂದೇ ತಂಬಿಗೆಯ ನೀರಿಗೆ ಹಾಕಿ, ಬೊಚ್ಚು ಬಾಯಲ್ಲಿ ನಗುತ್ತ ಕೂತಿದ್ದರು. ನನಗೆ ಸಿಟ್ಟು ಬಂದಷ್ಟೇ ನಗೆಯೂ ಬಂತು.

ಹೊರಡುವಾಗ ಅಪ್ಪ ತಂಬಿಗೆಗೆ ಕೈ ಹಾಕಿ ಕಾಕಾನ ಸೆಟ್ಟನ್ನು ಬಾಯಿಗಿಟ್ಟುಕೊಳ್ಳಲು ಹೋದ. ಪುಣ್ಯಕ್ಕೆ ನಾನು ನೋಡಿದೆ. ಕೈಗೊಂದು ಏಟು ಕೊಟ್ಟು ಕಸಿದುಕೊಂಡು, ಅದನ್ನು ಕಾಕಾನ ಕೈಗಿಟ್ಟು, ಅವನದನ್ನು ಅವನ ಬಾಯಿಗೆ ನಾನೇ ಕೂರಿಸಿದೆ. ದಿನಾ ತೊಳೆಯುವವಳು ನಾನು, ನನಗೆ ಗೊತ್ತಾಗುವುದಿಲ್ಲವೇ? ಬಸ್ಸಿನುದ್ದಕ್ಕೂ "ಇದು ನಂದಲ್ಲ" ಎಂದು ಗೊಣಗಿದ. ಗೊಣಗಲಿ ಬಿಡು. ಈಗ ಅವನಿಗೆ ಯಾವುದು ತಾನೇ ತನ್ನದು? ಕನ್ನಡಕ ತನ್ನದಲ್ಲ, ಚಪ್ಪಲಿ ತನ್ನದಲ್ಲ. ಮೊನ್ನೆ ನನ್ನನ್ನೇ ತೋರಿಸಿ, "ಈಕಿ ನಮ್ಮಾಕಿ ಅಲ್ಲ, ಯಾರ ಮನೀಯಾಕಿನೋ" ಅಂದ.

ಈ ತಿಂಗಳಿಗೆ ನನ್ನ ಮೂರು ತಿಂಗಳ ಪಾಳಿ ಮುಗಿಯಿತು. ಮಾರ್ಚ್ ಒಂದಕ್ಕೆ ನಮ್ಮ ಮನೆಯವರು ಅವನನ್ನು ಹಾವೇರಿಗೆ ಕರೆತರುತ್ತಾರೆ. ಬಾಗಿಲಿಗೆ ಚಿಲಕ ಗಟ್ಟಿ ಇರಲಿ.

ನಿನ್ನ ಅಕ್ಕ
ನಿರ್ಮಲಾ


ಹಾವೇರಿ
೫ ಮಾರ್ಚ್ ೨೦೦೬

ಅಕ್ಕನಿಗೆ ಶಂಭುಲಿಂಗನ ನಮಸ್ಕಾರಗಳು.

ತಿಳಿಯಪಡಿಸುವುದೇನೆಂದರೆ, ತಂದೆಯವರು ದಿನಾಂಕ ಒಂದರಂದು ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಹಾವೇರಿ ಬಸ್ ನಿಲ್ದಾಣವನ್ನು ಸುಸ್ಥಿತಿಯಲ್ಲಿ ತಲುಪಿದರು. ಭಾವನವರಿಂದ ಸ್ವೀಕರಿಸಿದ್ದರ ಯಾದಿ: ಧೋತರ ಐದು, ಟವೆಲ್ ನಾಲ್ಕು, ಕನ್ನಡಕ ಒಂದು, ಹಲ್ಲಿನ ಸೆಟ್ಟು ಒಂದು, ತಂದೆಯವರು ಒಬ್ಬರು. ಕೋರ್ಟಿನ ಗುಮಾಸ್ತನ ಚಟ ಎಂದು ನೀನು ನಗುತ್ತೀ. ನಗು. ನಾಳೆ ಏನಾದರೂ ಕಳೆದರೆ ಈ ಯಾದಿಯೇ ನಮ್ಮನ್ನು ಕಾಯುತ್ತದೆ.

ವಿಷಯಕ್ಕೆ ಬರುತ್ತೇನೆ. ಸದರಿ ಸೆಟ್ಟು ತಂದೆಯವರ ಬಾಯಲ್ಲಿ ನಿಲ್ಲುತ್ತಿಲ್ಲ. ರೊಟ್ಟಿಯ ಮೊದಲ ತುತ್ತಿಗೇ ತೆಗೆದು, "ಇದು ನಂದಲ್ಲ" ಎಂದು ಎಸೆಯುತ್ತಾರೆ. ಎಸೆಯದಿದ್ದರೆ ಬಚ್ಚಿಡುತ್ತಾರೆ. ಗುರುವಾರ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಶುಕ್ರವಾರ ಎಲ್ಲೂ ಸಿಗಲಿಲ್ಲ. ಶನಿವಾರ ಕಚೇರಿಯಲ್ಲಿ ಸಿರಸ್ತೇದಾರರ ಮುಂದೆ ಚೀಲ ಬಿಚ್ಚಿ ಪಾಲುಪಟ್ಟಿಯ ಕೇಸಿನ ಕಡತ ಎಳೆದೆ, ಅದರ ಮೇಲೆ ಕೂತು ಬಂತು. ಸಿರಸ್ತೇದಾರರು ಕನ್ನಡಕ ಏರಿಸಿಕೊಂಡು, ಇದು ವಾದಿಯದೋ ಪ್ರತಿವಾದಿಯದೋ ಎಂದು ಕೇಳಿದರು. ಇಡೀ ಕಚೇರಿ ನಕ್ಕಿತು.

ಇಲ್ಲಿಯ ಹಲ್ಲಿನ ಡಾಕ್ಟರರು ನೋಡಿ, ವಯಸ್ಸಾದಂತೆ ದವಡೆ ಸವೆಯುತ್ತದೆ ಎಂದು ಸೆಟ್ಟನ್ನು ಸ್ವಲ್ಪ ಉಜ್ಜಿ ಕೊಟ್ಟರು. ಇನ್ನೂರು ರೂಪಾಯಿ. ಖರ್ಚನ್ನು ಎಂದಿನಂತೆ ಅರ್ಧರ್ಧ ಹಂಚಿಕೊಳ್ಳುವುದು ಸರಿಯೇ. ಆದರೆ ನಿನ್ನ ಪಾಳಿಯಲ್ಲಿ ಸೆಟ್ಟು ಬಿದ್ದು ಬಾಗಿದ್ದಲ್ಲಿ, ಅದನ್ನು ಮರೆಮಾಚದೆ ತಿಳಿಸತಕ್ಕದ್ದು.

ಇನ್ನೊಂದು. ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಸುರೇಖಾ ನನ್ನನ್ನು ತೋರಿಸಿ, ಮಾವಾ ಇವರು ಯಾರು ಎಂದು ಕೇಳಿದಳು. "ಇವ ನಮ್ಮಾವಲ್ಲ, ಬ್ಯಾಂಕಿನವ ಇರಬೇಕು" ಎಂದರು. ಇದನ್ನು ಮಾಹಿತಿಗಾಗಿ ಬರೆದಿದ್ದೇನೆ.

ಇಂತಿ
ಶಂಭುಲಿಂಗ


ರಾಣೆಬೆನ್ನೂರು
೧೪ ಮಾರ್ಚ್ ೨೦೦೬

ಶಂಭು,

ಅಕ್ಕನ ಮೇಲೇ ಕೇಸು ಹಾಕುತ್ತೀಯಾ? ಬಾಗಿಲ್ಲ, ಬಿದ್ದಿಲ್ಲ. ನನ್ನ ಮನೆಯಿಂದ ಹೊರಟಾಗ ಆ ಸೆಟ್ಟು ಹೇಗಿತ್ತೋ ಹಾಗೆಯೇ ಇತ್ತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಹಲ್ಲು ಕೂರಿಸಲು ನಿನಗೆ ಬರದಿದ್ದರೆ ಬರುವುದಿಲ್ಲ ಅನ್ನು.

ಕೊನೆಯ ಮೂರು ವಾರ ನನಗೂ ಕಾಟ ಕೊಟ್ಟ, ಒಪ್ಪುತ್ತೇನೆ. ನಾನು ಒಂದು ಉಪಾಯ ಕಂಡುಕೊಂಡೆ, ನಿನಗೂ ಹೇಳಿಕೊಡುತ್ತೇನೆ. ಸೆಟ್ಟನ್ನು ಸೆರಗಿನಲ್ಲಿ ಅಡಗಿಸಿಕೊಂಡು ಹೋಗಿ ಮುಂಬೈ ಪಾರ್ಟಿ ದರ ಕೇಳುತ್ತಿದೆ ಎನ್ನಬೇಕು. ಅಪ್ಪ ದರ ಹೇಳಲು ಬಾಯಿ ದೊಡ್ಡದಾಗಿ ತೆರೆಯುತ್ತಾನೆ. ಆಗ ತಟ್ಟನೆ ಕೂರಿಸಿ ಗದ್ದ ಹಿಡಿದುಬಿಡಬೇಕು. ನಿನಗೆ ಸೆರಗಿಲ್ಲ, ಸುರೇಖಾಳಿಗೆ ಹೇಳು. ಅವಳು ಶಾಲೆಯಲ್ಲಿ ನಲವತ್ತು ಮಕ್ಕಳ ಬಾಯಿ ಮುಚ್ಚಿಸುವವಳು, ಒಬ್ಬ ಮುದುಕನ ಬಾಯಿ ಮುಚ್ಚಿಸುವುದು ಕಷ್ಟವಲ್ಲ.

ನಿನ್ನನ್ನು ಬ್ಯಾಂಕಿನವ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನನ್ನನ್ನು ಒಮ್ಮೆ ಕೆಲಸದ ಕರಿಯವ್ವ ಎಂದುಕೊಂಡು ಪಗಾರ ಕೊಡಲು ಬಂದಿದ್ದ. ಬ್ಯಾಂಕಿನವ ಆದರೂ ದೊಡ್ಡ ನೌಕರಿ.

ನೂರು ರೂಪಾಯಿ ಮನಿಯಾರ್ಡರ್ ಕಳಿಸಿದ್ದೇನೆ. ಯಾದಿಯಲ್ಲಿ ಬರೆದುಕೋ.

ನಿರ್ಮಲಾ


ಹಾವೇರಿ
೩೦ ಏಪ್ರಿಲ್ ೨೦೦೬

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಉಪಾಯ ಫಲಿಸಿತು. ಮುಂಬೈ ಪಾರ್ಟಿಯ ಹೆಸರಲ್ಲಿ ಹದಿನೈದು ದಿನ ದಿನಕ್ಕೆ ಎರಡು ಸಲ ಹಲ್ಲು ಕೂರಿಸಿದೆವು. ಹದಿನಾರನೆಯ ದಿನ ತಂದೆಯವರು ಮುಂಬೈಯೊಂದಿಗೆ ವ್ಯಾಪಾರ ನಿಲ್ಲಿಸಿದರು. ಈಗ ಯಾವ ಊರಿನ ಪಾರ್ಟಿ ಬಂದರೂ ಬಾಯಿ ತೆರೆಯುವುದಿಲ್ಲ. ಹೈದರಾಬಾದ್, ಗುಂಟೂರು ಎಲ್ಲ ಹೇಳಿ ನೋಡಿದೆವು.

ಬಾಯಿ ಬಲವಂತವಾಗಿ ತೆರೆಸಿ ನೋಡಿದಾಗ ಒಳಗೆ ಹುಣ್ಣಾಗಿತ್ತು. ಹಲ್ಲಿನ ಡಾಕ್ಟರರು ಸೆಟ್ಟನ್ನು ಮತ್ತೆ ಮೂರು ಸಲ ಉಜ್ಜಿದರು, ಅಂಟಿಸುವ ಪುಡಿ ಕೊಟ್ಟರು. ಕೊನೆಗೆ ಹೊಸ ಸೆಟ್ಟೇ ಮಾಡೋಣ, ಮೂರೂವರೆ ಸಾವಿರ ಎಂದರು. ಒಪ್ಪಿದೆ. ಅಳತೆ ತೆಗೆಯಲು ಬಾಯಿಗೆ ಬೆರಳು ಹಾಕಿದ ಡಾಕ್ಟರರನ್ನು ತಂದೆಯವರು ಬರೀ ಒಸಡಿನಲ್ಲಿ ಕಚ್ಚಿ ಹಿಡಿದರು. ಬಿಡಿಸಲು ಕಾಂಪೌಂಡರ್ ಬರಬೇಕಾಯಿತು. ಹಲ್ಲಿಲ್ಲದವರು ಕಚ್ಚಿದ್ದು ತಮ್ಮ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು ಎಂದು ಡಾಕ್ಟರರು ಬೆರಳು ನೀವಿಕೊಂಡರು. ಹೊಸ ಸೆಟ್ಟಿನ ಮಾತು ಅಲ್ಲಿಗೇ ನಿಂತಿತು, ಆದರೂ ಆ ದಿನದ ಫೀ ಬಿಡಲಿಲ್ಲ.

ಊಟ ಕಡಿಮೆಯಾಯಿತೆಂದು ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿ ತಲೆಯ ಸ್ಕ್ಯಾನು, ರಕ್ತ, ಮೂತ್ರ, ಮೂರು ಬಗೆಯ ಟಾನಿಕ್ಕು. ಕಾರಿನ ಬಾಡಿಗೆ ಬೇರೆ. ಎಲ್ಲ ಸೇರಿ ಈ ತನಕ ಹನ್ನೊಂದು ಸಾವಿರದ ಮುನ್ನೂರ ನಲವತ್ತು ರೂಪಾಯಿ ಆಗಿದೆ, ರಸೀದಿಗಳ ನಕಲು ಲಗತ್ತಿಸಿದೆ. ತಲೆಗೆ ಇಷ್ಟು ಖರ್ಚು ಮಾಡಿಸಿದವರು ಯಾರೂ ಅವರ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಲಿಲ್ಲ. ಹಲ್ಲಿನ ಡಾಕ್ಟರರನ್ನು ಕೇಳಿದರೆ ತೊಂದರೆ ತಲೆಯದು ಎನ್ನುತ್ತಾರೆ. ರೋಗ ಮುಂದುವರಿದಿದೆ, ಇಂಥವರು ಉಣ್ಣುವುದನ್ನೂ ಮರೆಯುತ್ತಾರೆ ಎಂದು ಹುಬ್ಬಳ್ಳಿಯವರು ಹೇಳಿ ಕಳಿಸಿದರು.

ಈಗ ಗಂಜಿ, ಹಾಲು, ಅಷ್ಟೇ. ಅದಕ್ಕೂ ಸುರೇಖಾಳ ಕೈ ತಳ್ಳುತ್ತಾರೆ. ಸಂಜೆ ನಾನು ಕಚೇರಿಯಿಂದ ಬಂದೊಡನೆ ಮಾತ್ರ ಹತ್ತಿರ ಕರೆದು, ನನ್ನ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು, ಐದೂ ಬೆರಳು ಮಡಿಚಿ ಮುಚ್ಚಿ, ತಮ್ಮ ಹೆಬ್ಬೆರಳಿಂದ ಎರಡು ಸಲ ಒತ್ತುತ್ತಾರೆ. ದಿನಾ ಇದೇ. ಯಾವ ಮಾಲಿನ ದರವೋ. "ಆತು, ತಗೊಂಡೇನ್ರಿ" ಎಂದು ಕೈ ಬಿಡಿಸಿಕೊಂಡು ಚಹಾ ಕುಡಿಯಲು ಹೋಗುತ್ತೇನೆ.

ಇಂತಿ
ಶಂಭುಲಿಂಗ


ರಾಣೆಬೆನ್ನೂರು
೪ ಜೂನ್ ೨೦೦೬

ಶಂಭು,

ಅಪ್ಪನನ್ನು ಬಸ್ಸಿನಿಂದ ಇಳಿಸಿಕೊಂಡಾಗ ಕೈಗೆ ಭಾರವೇ ಹತ್ತಲಿಲ್ಲ. ಗಲ್ಲದಲ್ಲಿ ನಿಂಬೆಹಣ್ಣು ಹಿಡಿಯುವಷ್ಟು ಕುಳಿ ಬಿದ್ದಿದೆ. ಧೋತರಕ್ಕೆ ಎರಡು ನಿರಿಗೆ ಹೆಚ್ಚು ಬರುತ್ತದೆ. ನೀನು ಈ ಸಲ ಜೊತೆಗೆ ಕಳಿಸಿದ ಯಾದಿಯಲ್ಲೂ ಧೋತರ ಐದು ಎಂದು ಬರೆದೆ, ತಂದೆಯವರು ಒಬ್ಬರು ಎಂದೂ ಬರೆದೆ. ಅರ್ಧ ಎಂದು ಬರೆಯಬೇಕಿತ್ತು.

ಮನೆಗೆ ಬಂದವಳೇ ನಿನಗೆ ನಾಲ್ಕು ಹಾಳೆ ಬೈದು ಬರೆದಿದ್ದೆ. ಮೂರು ದಿನ ನಾನೇ ಉಣಿಸಿ ನೋಡಿದ ಮೇಲೆ ಹರಿದು ಹಾಕಿದೆ. ನನ್ನ ಕೈಯಿಂದಲೂ ಉಣ್ಣುತ್ತಿಲ್ಲ. ಸೆಟ್ಟು ಹತ್ತಿರ ತಂದರೆ ಮುಖ ಗೋಡೆಗೆ ತಿರುಗಿಸುತ್ತಾನೆ. "ನಂದಲ್ಲ ಅಂದ್ರ ನಂದಲ್ಲ" ಎನ್ನುತ್ತಾನೆ, ಈಗ ಅದನ್ನೂ ಮೆಲ್ಲಗೆ ಎನ್ನುತ್ತಾನೆ.

ಓಣಿಯ ಹೆಂಗಸರು ಬಂದು, ಹೆಣ್ಣುಮಗಳ ಮನೆಯ ಅನ್ನ ಮುದುಕನಿಗೆ ಒಗ್ಗುತ್ತಿಲ್ಲ ಎಂದು ನನಗೆ ಕೇಳುವಂತೆ ಮಾತಾಡಿಕೊಂಡು ಹೋದರು. ನಾನು ಏನೂ ಅನ್ನಲಿಲ್ಲ. ನಾನು ಏನೂ ಅನ್ನಲಿಲ್ಲವೆಂದರೆ ನನ್ನ ಸ್ಥಿತಿ ನಿನಗೆ ಗೊತ್ತಾಗುತ್ತದೆ.

ನಿರ್ಮಲಾ


ಹಾವೇರಿ
೧೮ ಜೂನ್ ೨೦೦೬

ಅಕ್ಕಾ,

ನಿನ್ನೆ ಹುಬ್ಬಳ್ಳಿಗೆ ಒಬ್ಬನೇ ಹೋಗಿ ಡಾಕ್ಟರರನ್ನು ಕಂಡು ಬಂದೆ. ಬಾಯಿಂದ ಹೋಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕು, ಇಲ್ಲದಿದ್ದರೆ ಮಳೆಗಾಲ ಕಳೆಯುವುದು ಕಷ್ಟ ಎಂದರು. ಹಾಕಿದ ಮೇಲೆ ಅವರು ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗಬಹುದಂತೆ. ದಿನದ ಖರ್ಚು ಹೇಳಿದರು. ನನ್ನ ಭವಿಷ್ಯ ನಿಧಿಯಿಂದ ಸಾಲಕ್ಕೆ ಅರ್ಜಿ ಹಾಕಿದ್ದೇನೆ, ಹಣದ ಚಿಂತೆ ನಿನಗೆ ಬೇಡ. ಮುಂದಿನ ಮಂಗಳವಾರ, ಇಪ್ಪತ್ತೇಳಕ್ಕೆ, ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಎರಡು ಸಾವಿರ ಮುಂಗಡ ಕಟ್ಟಿ ಬಂದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ದರ ಹೇಳುವ ಕೈ ಅದು. ಅದನ್ನು ಮಂಚಕ್ಕೆ ಕಟ್ಟುವುದು ಹೇಗೆ?

ನನಗೆ ತಿಳಿಯದು. ಬೇಡ ಎನ್ನುವುದಾದರೆ ಬೇಗ ಬರಿ. ಹೂಂ ಎನ್ನುವುದಾದರೂ ಬೇಗ ಬರಿ. ಇದನ್ನು ನಾನೊಬ್ಬನೇ ನಿರ್ಧರಿಸಿದೆ ಅಂತ ಆಗಬಾರದು.

ಶಂಭು


ರಾಣೆಬೆನ್ನೂರು
೨೪ ಜೂನ್ ೨೦೦೬

ಶಂಭು,

ಮೊದಲು ಇದನ್ನು ಓದು: ಮಂಗಳವಾರ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಮುಂಗಡ ವಾಪಸು ಕೊಡುತ್ತಾರೋ ಕೇಳು. ಕೊಡದಿದ್ದರೆ ಬಿಡು, ಅದೂ ನನ್ನ ಲೆಕ್ಕಕ್ಕೆ. ಈಗ ಎಲ್ಲವನ್ನೂ ಹೇಳುತ್ತೇನೆ. ನಡುವೆ ಬೈಯಬೇಡ, ಕೊನೆಗೆ ಒಟ್ಟಿಗೇ ಬೈ.

ನಿನ್ನ ಪತ್ರ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಳಿಗೆ ಹಾಕುವ ಮೊದಲು ಒಂದು ಸಲ ಮಾರ್ಕೆಟ್ಟನ್ನೂ ನಬಿ ಕಾಕಾನನ್ನೂ ಅಪ್ಪ ನೋಡಲಿ ಎಂದು ಗುರುವಾರ ಟ್ಯಾಕ್ಸಿ ಮಾಡಿ ಬ್ಯಾಡಗಿಗೆ ಹೋದೆ. ಮಾರ್ಕೆಟ್ಟಿನ ಘಾಟಿಗೆ ನಾನು ಸೀನುತ್ತಿದ್ದರೆ ಅಪ್ಪ ಮೂಗು ಅರಳಿಸಿ ನೆಟ್ಟಗೆ ಕೂತ. ಹಂಗಾಮು ಮುಗಿದು ಚೀಲ ಕಡಿಮೆ ಇದ್ದವು, ಆದರೂ ಕಣ್ಣಿಗೆ ಕಳೆ ಬಂತು.

ಕಾಕಾನನ್ನು ನೋಡಿ ನಾನು ಗಾಬರಿಯಾದೆ. ಅವನೂ ಸೊರಗಿದ್ದಾನೆ. ಅವನ ಸೊಸೆ ಇಬ್ಬರಿಗೂ ಒಂದೇ ಬಗೆಯ ತಾಟು ತಂದಿಟ್ಟಳು, ಹಾಲಲ್ಲಿ ಕಲಸಿದ ಮೆತ್ತನೆ ಅನ್ನ. ಮಾವನವರು ನಾಲ್ಕು ತಿಂಗಳಿಂದ ರೊಟ್ಟಿ ಮುಟ್ಟಿಲ್ಲ, ಹಲ್ಲು ಒತ್ತುತ್ತವಂತೆ, ಡಾಕ್ಟರಿಗೆ ತೋರಿಸೋಣ ಅಂದರೆ ಬೇಡ ಅನ್ನುತ್ತಾರೆ ಅಂದಳು. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ ನೋಡು. ಪಾಪ, ಇವನಿಗೂ ಬಂತಲ್ಲ ಎಂದುಕೊಂಡೆ.

ಕಾಕಾ ತಂಬಿಗೆಯಲ್ಲಿ ನೀರು ತಂದು ತನ್ನ ಸೆಟ್ಟು ತೆಗೆದು ಹಾಕಿದ. ನಾನು ಚೀಲದಿಂದ ಅಪ್ಪನದನ್ನು ತೆಗೆದು ಅದರೊಳಗೇ ಹಾಕಿದೆ, ತೊಳೆಯೋಣ ಎಂದು. ಅಪ್ಪ ತಂಬಿಗೆಯೊಳಗೆ ಇಣುಕಿ ಒಂದು ನಿಮಿಷ ನೋಡಿದ. ಆಮೇಲೆ ಕೈ ಹಾಕಿ ಕಾಕಾನ ಸೆಟ್ಟು ಎತ್ತಿದ. ನನ್ನ ಕೈ ಏಟು ಕೊಡಲು ಮೇಲೆದ್ದಿತ್ತು ಶಂಭು, ಈ ಸಲವೂ. ಕಾಕಾ ನನ್ನ ಕೈ ಹಿಡಿದುಕೊಂಡ. "ಬಿಡವ್ವಾ," ಅಂದ, "ಈಗರ ತಗೊಳ್ಳಿ."

ಅಪ್ಪ ಬಾಯೊಳಗೆ ಇಟ್ಟುಕೊಂಡ. ಟಕ್ ಎಂದು ಕೂತಿತು. ಗದ್ದ ಆ ಕಡೆ ಈ ಕಡೆ ಆಡಿಸಿದ. ತಾಟನ್ನು ದೂರ ಸರಿಸಿ, ಸೊಸೆಯತ್ತ ನೋಡಿ, "ರೊಟ್ಟಿ ಇಲ್ಲೇನು?" ಅಂದ.

ಸೆಟ್ಟು ಅದಲುಬದಲಾದದ್ದು ಕಾಕಾನಿಗೆ ಫೆಬ್ರುವರಿಯಲ್ಲೇ, ಎರಡನೆಯ ದಿನವೇ ಗೊತ್ತಾಗಿತ್ತಂತೆ. ಎರಡೂ ಸೆಟ್ಟನ್ನು ಅಪ್ಪನೇ ಒಬ್ಬ ಡಾಕ್ಟರ ಹತ್ತಿರವೇ ಒಟ್ಟಿಗೆ ಮಾಡಿಸಿದ್ದನಂತೆ, ಒಂದು ತನಗೆ, ಒಂದು ನಬಿಗೆ, ಮೇಲ್ನೋಟಕ್ಕೆ ಎರಡೂ ಒಂದೇ ಥರ. ನಮಗೆ ಹೇಳಿರಲಿಲ್ಲ. ಯಾಕೆ ಸುಮ್ಮನಿದ್ದೆ ಕಾಕಾ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದ: "ಲಿಂಗಾ ಕಟ್ಟಿದ ಸಾವ್ಕಾರ್ರ ಬಾಯಾಗ ನಬಿಸಾಬನ ಹಲ್ಲು ಅದಾವು ಅಂತ ನಿಮ್ಮ ಮನೀಗೆ ಬಂದು ನಾ ಹೆಂಗ ಹೇಳ್ಲೆವ್ವಾ? ಇವತ್ತಲ್ಲ ನಾಳೆ ನಿಮಗ ಗೊತ್ತಾಗ್ತೈತಿ, ಹೊಸಾವು ಮಾಡಸ್ತೀರಿ ಅಂತ ಮಾಡಿದ್ದೆ." ತನಗೆ ಹೊಸದು ಮಾಡಿಸೆಂದು ಮಗನನ್ನು ಕೇಳಲೂ ಇಲ್ಲ. ಮೂರೂವರೆ ಸಾವಿರ ಅವನಿಗೆ ಎಲ್ಲಿಯ ಮಾತು.

ಮಡಿ ಹೋಗಿದ್ದರೆ ನಾಲ್ಕು ತಿಂಗಳ ಹಿಂದೆಯೇ ಹೋಗಿದೆ, ಅದಕ್ಕೆ ನಾನು ಅಳಲಿಲ್ಲ. ಕಾಕಾನ ಕಟ್ಟೆಯ ಮೇಲೆ ಕೂತು ನಾನು ಅತ್ತದ್ದು ಬೇರೆಯದಕ್ಕೆ. ದಿನಾ ತೊಳೆಯುವವಳು ನಾನು ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಹೇಸಿಗೆ ಬರುತ್ತಿತ್ತು. ವಾರಕ್ಕೊಮ್ಮೆ, ಕಣ್ಣು ಆ ಕಡೆ ತಿರುಗಿಸಿಕೊಂಡು ನಳದ ಕೆಳಗೆ ಹಿಡಿಯುತ್ತಿದ್ದೆ. ಒಂದು ದಿನವಾದರೂ ಸರಿಯಾಗಿ ನೋಡಿದ್ದರೆ ಗುರುತು ಸಿಗುತ್ತಿತ್ತು. ಮರೆವಿನವನು ಸರಿಯಾಗಿಯೇ ಎತ್ತಿಕೊಂಡಿದ್ದ, ನೆನಪಿದ್ದವಳು ಏಟು ಕೊಟ್ಟು ತಪ್ಪಿದ್ದನ್ನು ತುರುಕಿದೆ. ಅವನು ನಾಲ್ಕು ತಿಂಗಳು ಖರೇ ಹೇಳಿದ. ನಾವು ಮುಂಬೈ ಪಾರ್ಟಿಯ ಹೆಸರು ಹೇಳಿ ಮೋಸ ಮಾಡಿದೆವು.

ನಿನ್ನ ಡಾಕ್ಟರು ಉಜ್ಜಿ ಉಜ್ಜಿ ಸವೆಸಿದ್ದು ಕಾಕಾನ ಸೆಟ್ಟು. ಅವನಿಗೆ ಹೊಸದು ನಾನು ಮಾಡಿಸುತ್ತೇನೆ. ಉಳಿದ ಖರ್ಚೂ ನನ್ನದೇ. ಹದಿನಾಲ್ಕು ಸಾವಿರದ ಚೆಕ್ಕು ಇದರೊಳಗಿದೆ. ನಾಳೆಯದು ಬಿಟ್ಟು ಮುಂದಿನ ಭಾನುವಾರ, ಜುಲೈ ಎರಡಕ್ಕೆ, ಅಪ್ಪನನ್ನು ಮತ್ತೆ ಕಾಕಾನ ಮನೆಗೆ ಕರೆದೊಯ್ಯುತ್ತೇನೆ. ನೀನೂ ಬಾ. ಬೈಯುವುದನ್ನು ಅಲ್ಲಿಯೇ ಬೈ.

ನಿನ್ನ ಅಕ್ಕ
ನಿರ್ಮಲಾ


ಹಾವೇರಿ
೯ ಜುಲೈ ೨೦೦೬

ಅಕ್ಕಾ,

ಕಾಕಾನ ಅಂಗಳದಲ್ಲಿ ನಾನು ಬೈಯಲಿಲ್ಲ, ಬರೀ ಚೆಕ್ಕು ವಾಪಸು ಕೊಡಲು ಬಂದೆ. ತಪ್ಪು ನನ್ನದು, ಇಟ್ಟುಕೋ ಎಂದು ನೀನು ಅಂದೆ. ಉಜ್ಜಿಸಿದವನು ನಾನು, ಸ್ಕ್ಯಾನು ಮಾಡಿಸಿದವನು ನಾನು ಎಂದು ನಾನು ಅಂದೆ. ಚೆಕ್ಕು ನಿನ್ನ ಕೈಯಿಂದ ನನ್ನ ಕಿಸೆಗೆ, ನನ್ನ ಕಿಸೆಯಿಂದ ನಿನ್ನ ಚೀಲಕ್ಕೆ ಆರು ಸಲ ಓಡಾಡಿತು. ಇಬ್ಬರ ದನಿಯೂ ಏರಿತು. ಕೊಡುವುದಕ್ಕೂ ಹೀಗೆ ಜಗಳವಾಡುವವರನ್ನು ಕಾಕಾನ ಸೊಸೆ ನೋಡಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಬಿಟ್ಟಳು.

ಅಷ್ಟರಲ್ಲಿ ಅಪ್ಪ ಎದ್ದು ಬಂದ. ಎರಡು ಪಾರ್ಟಿಗಳ ದನಿ ಏರಿದರೆ ದಲಾಲ ಸುಮ್ಮನೆ ಕೂತಿರುವುದಿಲ್ಲ. ಹೆಗಲಿನ ಟವೆಲ್ ತೆಗೆದು, ನಿನ್ನ ಕೈ ಒಂದು, ನನ್ನ ಕೈ ಒಂದು ಅದರ ಕೆಳಗೆ ಎಳೆದುಕೊಂಡ. ನನ್ನ ಬೆರಳು ಮಡಿಚಿ ಎರಡು ಸಲ ಒತ್ತಿದ. ನಿನ್ನದನ್ನೂ ಒತ್ತಿದನೆಂದು ನಿನ್ನ ಮುಖದಿಂದ ತಿಳಿಯಿತು. ಆಮೇಲೆ, "ಮುಗೀತು. ನನ್ನ ದಲಾಲಿ ಕೊಡ್ರಿ" ಅಂದ. ಸೊಸೆ ಖಡಕ್ ರೊಟ್ಟಿ ತಂದುಕೊಟ್ಟಳು. ಅವನು ಅದನ್ನು ಕಟಕಟ ಕಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ನೀನು ಸೆರಗಿನಲ್ಲಿ ಮುಖ ಒರೆಸಿಕೊಂಡು, ಟ್ಯಾಕ್ಸಿಗೆ ಹೊತ್ತಾಯಿತೆಂದು ಅವನನ್ನು ಕರೆದುಕೊಂಡು ಹೊರಟೆ.

ನೀವು ಹೋದ ಮೇಲೆ ನಾನು ಕಾಕಾನ ಹತ್ತಿರ ಕೂತೆ. ಎರಡು ಸಲ ಒತ್ತಿದರೆ ಎಷ್ಟು ದರ ಎಂದು ಕೇಳಿದೆ. ಟವೆಲ್ ಕೆಳಗಿನ ಮಾತು ಟವೆಲ್ ಕೆಳಗೇ ಇರಬೇಕು, ಹೊರಗೆ ಆಡಬಾರದು ಅಂದ. ನಲವತ್ತು ವರ್ಷ ಆ ಗುಟ್ಟು ಕಾದವನು, ಸುಲಭಕ್ಕೆ ಬಿಡುತ್ತಾನೆಯೇ? ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಏನಾಯಿತು ನೋಡಿದೆಯಲ್ಲ ಕಾಕಾ ಎಂದೆ. ಆಗ ಟವೆಲ್ ಹಾಸಿ, ಅಪ್ಪ ಮಾಡಿದ ಹಾಗೆ ತನ್ನ ಕೈ ಮೇಲೆ ಮಾಡಿ ತೋರಿಸು ಅಂದ. ಮಾಡಿದೆ. ಐದು ಬೆರಳು ಮಡಿಚಿ ಮುಚ್ಚಿ, ಹೆಬ್ಬೆರಳಿಂದ ಎರಡು ಸಲ.

ಕಾಕಾ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

"ಅದು ದರ ಅಲ್ಲೋ ತಮ್ಮಾ," ಅಂದ. "ಮಾಲು ತಂದಾವ ತನ್ನ ಪೈಕಿ ಇದ್ರ ದಲಾಲ ಅವನ ಕೈ ಹಂಗ ಒತ್ತತಾನ. ನೀ ನಮ್ಮಾವ, ನಿನ್ನ ಕೂಡ ಚೌಕಾಸಿ ಮಾಡಂಗಿಲ್ಲ ಅಂತ ಅದರ ಅರ್ಥ."

ಅಕ್ಕಾ, ಮಾರ್ಚ್‌ನಿಂದ ಮೇ ತನಕ ಪ್ರತಿ ಸಂಜೆ ಅವನು ನನ್ನ ಕೈಯಲ್ಲಿ ಇದನ್ನೇ ಹೇಳುತ್ತಿದ್ದ. ನಾನು ತಗೊಂಡೇನ್ರಿ ಎಂದು ಕೈ ಬಿಡಿಸಿಕೊಂಡು ಚಹಾ ಕುಡಿಯಲು ಹೋಗುತ್ತಿದ್ದೆ. ಬ್ಯಾಡಗಿಯಿಂದ ಹಾವೇರಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿ ಇದ್ದದ್ದು ಇಳಿಯುವಾಗ ಗೊತ್ತಾಯಿತು.

ನಿನಗೂ ಅದನ್ನೇ ಒತ್ತಿದ್ದಾನೆ, ಗೊತ್ತಿರಲಿ ಎಂದು ಬರೆದೆ.

ಚೆಕ್ಕನ್ನು ನೀನು ಕೊನೆಗೂ ನನ್ನ ಕಿಸೆಯಲ್ಲೇ ಬಿಟ್ಟು ಹೋಗಿದ್ದೀ. ಹರಿದು ಇದರೊಳಗೆ ಇಟ್ಟಿದ್ದೇನೆ. ಕಾಕಾನ ಹೊಸ ಸೆಟ್ಟಿನ ಖರ್ಚು ಇಬ್ಬರದೂ ಅರ್ಧರ್ಧ. ಬಾಕಿಯದಕ್ಕೆ ಲೆಕ್ಕ ಬೇಡ, ನಮ್ಮವರ ಕೂಡ ಚೌಕಾಸಿ ಮಾಡಬಾರದಂತೆ. ಸೆಪ್ಟೆಂಬರ್ ಒಂದಕ್ಕೆ ನಾನೇ ಬಂದು ಅವನನ್ನು ಕರೆದುಕೊಂಡು ಬರುತ್ತೇನೆ. ಯಾದಿ ಬರೆಯುವುದಿಲ್ಲ. ಸಂಜೆ ಬೇಗ ಮನೆಗೆ ಬರಲು ಸಿರಸ್ತೇದಾರರನ್ನು ಈಗಲೇ ಕೇಳಿಟ್ಟಿದ್ದೇನೆ.

ಖಡಕ್ ರೊಟ್ಟಿ ಹೆಚ್ಚಿಗೆ ಮಾಡಿಡು.

ನಿನ್ನ ತಮ್ಮ
ಶಂಭು